ಕೊಲಂಬೊಕ್ಕೆ ಫಸ್ಟ್ ಕ್ಲಾಸ್

"ಕಾಶಿಗೆ ಅಂದಿದ್ರೆ ನಾನೇ ಬಂದು ರೈಲು ಹತ್ತಿಸ್ತಿದ್ದೆ. ಕೊಲಂಬೊಕ್ಕೆ ಯಾಕಕ್ಕ?" ಹಾಲೇಶಪ್ಪ ಕಾಗದವನ್ನು ಅಕ್ಕನ ಕಡೆ ತಳ್ಳಿದ.

ಗುರುಶಾಂತಮ್ಮ ಅದನ್ನು ಮತ್ತೆ ಅವನ ಮುಂದಕ್ಕೇ ಸರಿಸಿದಳು. ದಾವಣಗೆರೆಯ ಹೆರಿಗೆ ಆಸ್ಪತ್ರೆಯಲ್ಲಿ ಇಪ್ಪತ್ತೊಂಬತ್ತು ವರ್ಷ ನರ್ಸಾಗಿದ್ದು, ಐವತ್ತೆಂಟನೇ ಇಸವಿಯ ಆ ಶ್ರಾವಣದಲ್ಲಷ್ಟೇ ನಿವೃತ್ತಳಾಗಿದ್ದಳು. ಪ್ರಾವಿಡೆಂಟ್ ಫಂಡಿನ ಹಣ ಕೈಗೆ ಬಂದ ಮರುದಿನವೇ ಹರಿಹರದ ತಮ್ಮನ ಮನೆಗೆ ಬಂದಿದ್ದಳು. ಕೇಳುವುದಕ್ಕಲ್ಲ, ಹೇಳುವುದಕ್ಕೆ. ಕಾಗದದಲ್ಲಿ ಎಲ್ಲ ಬರೆದಿತ್ತು. ಮದರಾಸಿನಿಂದ ಧನುಷ್ಕೋಟಿಗೆ ಫಸ್ಟ್ ಕ್ಲಾಸ್ ರೈಲು, ಅಲ್ಲಿಂದ ಹಡಗು, ಆಚೆ ದಡದಿಂದ ಮತ್ತೆ ರೈಲು. ಕೊಲಂಬೊದಲ್ಲಿ ಸಮುದ್ರದ ಎದುರಿನ ಹೋಟೆಲಿನಲ್ಲಿ ಹತ್ತು ದಿನ. ಒಟ್ಟು ಏಳುನೂರು ರೂಪಾಯಿ.

"ಕಾಶಿಗೆ ಹೋದ್ರೆ ನಿಮ್ಮೆಲ್ಲಾರ ಪಾಪಾನೂ ತೊಳಕಂಡು ಬರಬೇಕು. ನನಗೆ ಬರೇ ಕುಂತು ಸಮುದ್ರ ನೋಡಬೇಕಾಗೈತೆ."

"ಸೂರಪ್ಪನ ಅಕ್ಕಿ ಗಿರಣಿಯಾಗ ಪಾಲು ಹಾಕ್ತೀನಂತ ಮಾತು ಕೊಟ್ಟೀನಕ್ಕ, ನಿನ್ನ ದುಡ್ಡು ನಂಬ್ಕಂಡು."

"ನನ್ನ ದುಡ್ಡಿನ ಮಾತು ನೀ ಯಾಕ ಕೊಟ್ಟಿ?"

ಹಾಲೇಶಪ್ಪ ತಲೆ ಕೆರೆದುಕೊಂಡ. ಅಕ್ಕನ ಹಟ ಅವನಿಗೆ ಗೊತ್ತಿತ್ತು. ಗಂಡ ಸತ್ತ ವರ್ಷವೇ, ಯಾರು ಬೇಡವೆಂದರೂ ಕೇಳದೆ ನರ್ಸಿಂಗ್ ಕಲಿತವಳು. "ಹೋಗಾದೇ ಆದ್ರೆ ಮೂರನೇ ಕ್ಲಾಸಿನಾಗ ಹೋಗು. ಯಾವ್ದಾರ ಛತ್ರದಾಗ ಇಳ್ಕಾ. ಅರ್ಧ ದುಡ್ಡು ಉಳಿತೈತೆ."

"ಇಪ್ಪತ್ತೊಂಬತ್ತು ವರ್ಷ ನಿಂತೇ ಕೆಲಸ ಮಾಡೀನಿ ಹಾಲೇಶ. ಇನ್ನೊಬ್ರು ತಂದಿಟ್ಟ ಚಾ ಕುಡಕಂತ ಕುರ್ಚಿ ಮ್ಯಾಲೆ ಕುಂದ್ರಬೇಕು, ಅದಕ್ಕೇ ಹೊಂಟಿರಾದು. ಅದನ್ನೇ ಉಳಿಸಿದ್ರೆ ಹೋಗಾದ್ಯಾಕ?"

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಹಾಲೇಶಪ್ಪನ ಹೆಂಡತಿ ಕೊಟ್ರವ್ವ ಹಿಟ್ಟಿನ ಕೈಯಲ್ಲೇ ಹೊಸ್ತಿಲಿಗೆ ಬಂದು ನಿಂತಳು.

"ಅಕ್ಕಾರೆ, ಆ ಹೋಟ್ಲು ರೂಮಿನಾಗ ಎಷ್ಟು ಮಂಚ ಅದಾವ್ರಿ?"

"ಎರಡು ಅಂತ ಬರದಾರವ್ವ."

"ಹಂಗಾರೆ ಒಂದು ಖಾಲಿ ಇರತೈತಲ್ರಿ."

ಹಾಲೇಶಪ್ಪ ಜೋರಾಗಿ ನಕ್ಕ. ಕೊಟ್ರವ್ವ ನಗಲಿಲ್ಲ. "ಇಲ್ಲೇ ಐತೆ ದಾವಣಗೆರೆ. ಮದುವಿ ಆಗಿ ಇಪ್ಪತ್ನಾಕು ವರ್ಷಕ್ಕ ನಾನು ಕಂಡಿದ್ದು ಮೂರು ಸಲ. ಮೂರೂ ಸಲ ಹೆರಿಗೆಗೆ."

ಆ ಮೂರೂ ಸಲ ಅವಳ ಮಗ್ಗುಲಲ್ಲಿ ನಿಂತಿದ್ದವಳು ಗುರುಶಾಂತಮ್ಮನೇ. ಅವಳು ಪೆನ್ಸಿಲ್ ತೆಗೆದು ಲೆಕ್ಕ ಹಾಕತೊಡಗಿದಳು. ಟಿಕೀಟು ಎರಡಾಯಿತು, ಊಟ ಎರಡಾಯಿತು. ಏಳುನೂರು ದಾಟುವಂತಿರಲಿಲ್ಲ; ಉಳಿದದ್ದು ಅವಳ ಮುಪ್ಪಿನ ಅನ್ನ. ಫಸ್ಟ್ ಕ್ಲಾಸಿನ ಮೇಲೆ ಪೆನ್ಸಿಲ್ ಸ್ವಲ್ಪ ಹೊತ್ತು ನಿಂತು, ಹೊಡೆಯದೆ ಮುಂದೆ ಸಾಗಿತು. ಕೊನೆಗೆ ಹತ್ತು ದಿನವನ್ನು ಹೊಡೆದು ನಾಲ್ಕು ಎಂದು ಬರೆದಳು.

"ನಾಕೇ ದಿನ ಆಗತೈತೆ ಕೊಟ್ರವ್ವ."

"ಸಾಕ್ರಿ."

"ಮನ್ಯಾಗ ರೊಟ್ಟಿ ಯಾರು ಬಡೀತಾರೆ?" ಎಂದ ಹಾಲೇಶಪ್ಪ.

"ಹಿಟ್ಟು ಡಬ್ಬಿಯಾಗ ಐತೆ," ಎಂದು ಕೊಟ್ರವ್ವ ಒಳಗೆ ಹೋದಳು.

ಎರಡು ದಿನ ಹಾಲೇಶಪ್ಪ ಗೋಡೆಯ ಕಡೆ ಮುಖ ಮಾಡಿಕೊಂಡೇ ಉಂಡ. ಮೂರನೆಯ ದಿನ, ಪಾಸ್‌ಪೋರ್ಟಿಗೆ ಫೋಟೊ ಬೇಕೆಂದಾಗ, ತಾನೇ ಚಪ್ಪಲಿ ಮೆಟ್ಟಿ ಹೆಂಡತಿಯನ್ನು ಬಜಾರಿನ ಸ್ಟುಡಿಯೊಕ್ಕೆ ಕರೆದೊಯ್ದ. ಆದರೆ ಒಳಗೆ ಹೋಗದೆ ಹೊರಗಿನ ಬೆಂಚಿನ ಮೇಲೆ ಕುಳಿತ.

ಫೋಟೊದವನು ರೂಢಿಯಂತೆ ಎರಡು ಕುರ್ಚಿ ಹಾಕಿದ. "ಯಜಮಾನ್ರು ಹೊರಗ ಕುಂತಾರಲ್ಲಮ್ಮ, ಕರೀಲೇನ್ರಿ?"

ಕೊಟ್ರವ್ವ ಸೆರಗು ಸರಿಮಾಡಿಕೊಂಡು, ಪಕ್ಕದ ಕುರ್ಚಿಯನ್ನು ತಾನೇ ಎತ್ತಿ ಗೋಡೆಗೆ ಸರಿಸಿದಳು.

"ಬ್ಯಾಡ್ರಿ. ನನ್ನೊಬ್ಬಾಕಿದೇ ತೆಗೀರಿ."