ಏಳು ದಿನದ ರೊಟ್ಟಿ

ಭಾನುವಾರ ಬೆಳಗ್ಗೆ ಆರರಿಂದ ಒಂಬತ್ತರವರೆಗೆ ಮಾತ್ರ ಬೆಂಕಿ ಹೊತ್ತಿಕೊಳ್ಳುತ್ತಿತ್ತು, ಕರೆಂಟೂ ಅಷ್ಟೇ. ಉಳಿದ ದಿನ ಕಡ್ಡಿ ಗೀರುವ ಗೋಜಿಗೆ ಗದಗಿನಲ್ಲಿ ಯಾರೂ ಹೋಗುತ್ತಿರಲಿಲ್ಲ.

ಹೆಂಡತಿ ತೀರಿಕೊಂಡ ಮೇಲೆ ಚನ್ನವೀರ ಒಲೆಯ ಮುಂದೆ ಕೂತದ್ದು ಇದು ಎರಡನೇ ಭಾನುವಾರ. ಮಗಳು ಕಸ್ತೂರಿಗೆ ಮೆತ್ತಗಿನ ಜೋಳದ ರೊಟ್ಟಿ ಇಷ್ಟವೆಂದು ಹೋದ ವಾರ ಬಿಸಿಬಿಸಿ ರೊಟ್ಟಿಗಳನ್ನೇ ಡಬ್ಬಿಗೆ ತುಂಬಿ ಮುಚ್ಚಳ ಬಿಗಿದಿದ್ದ. ಬುಧವಾರಕ್ಕೆಲ್ಲ ಬೂಸ್ಟು ಹಿಡಿದಿತ್ತು. ಆಮೇಲೆ ಅಪ್ಪ, ಮಗಳು ನೆನೆಸಿದ ಅವಲಕ್ಕಿಯಲ್ಲೇ ವಾರ ಕಳೆದರು. ಸುದ್ದಿ ತಿಳಿದ ಅಕ್ಕ ಗಂಗವ್ವ ಇವತ್ತು ಬೆಳಗ್ಗೆಯೇ ಬಂದು, ಹುಡುಗಿಯ ಬಟ್ಟೆಗಳನ್ನು ಹಳೆಯ ಧೋತ್ರದಲ್ಲಿ ಗಂಟು ಕಟ್ಟಿ ಬಾಗಿಲ ಬಳಿ ಇಟ್ಟಿದ್ದಳು.

"ಕೂಸನ್ನ ನಾ ಕರಕೊಂಡ ಹೊಕ್ಕೀನಿ. ನಿನ್ನ ಕಡಿಂದ ಆಗಂಗಿಲ್ಲೋ ತಮ್ಮಾ."

"ಒಂಬತ್ತರ ತನಕ ಸುಮ್ಮ ಕುಂದ್ರ ಅಕ್ಕಾ," ಎಂದ ಚನ್ನವೀರ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

ಬೆರಳು ಸುಟ್ಟಿತು, ಅವನು ಏಳಲಿಲ್ಲ. ಬೆಂದ ರೊಟ್ಟಿಗಳನ್ನು ಈ ಸಲ ಒಲೆಯ ಸುತ್ತ ಒರಗಿಸಿ ನಿಲ್ಲಿಸಿದ. ಅವು ಒಣಗಿ ಹಪ್ಪಳದಂತಾದವು. ಒಂದನ್ನು ಅಕ್ಕನ ಮುಂದೆಯೇ ಹಿಡಿದು ಕಟಕ್ಕನೆ ಮುರಿದು ತೋರಿಸಿದ.

ಕೊನೆಯದು ಹಂಚಿನ ಮೇಲಿರುವಾಗಲೇ ಒಂಬತ್ತಾಗಿ ಬೆಂಕಿ ಆರಿತು.

"ಇದು ಮೆತ್ತಗೈತಿ, ಇಡಾಕ ಬರಂಗಿಲ್ಲ," ಎನ್ನುತ್ತ ಕಸ್ತೂರಿ ಅದನ್ನು ಮೂರು ಪಾಲು ಮಾಡಿ ಹಂಚಿದಳು.

ಗಂಗವ್ವ ತನ್ನ ಪಾಲು ಅಗಿಯುತ್ತಲೇ ಎದ್ದು ಬಾಗಿಲ ಬಳಿಯ ಗಂಟು ಬಿಚ್ಚಿದಳು. ಬಟ್ಟೆಗಳನ್ನು ಗೂಟಕ್ಕೆ ಹಾಕಿ, ಧೋತ್ರವನ್ನು ರೊಟ್ಟಿಗಳ ಮೇಲೆ ಹೊದಿಸಿದಳು.

"ಮತ್ತ ಡಬ್ಬಿ ಮುಚ್ಚಳ ಹಾಕಿದಿ ಅಂದ್ರ ನೋಡ."