ನೋಡಿ ಒಪ್ಪಿದ ಚಿತ್ರ

ಆಸ್ಪತ್ರೆಯೊಂದರ ವೆಬ್‌ಪುಟ ಫೋನು, ಮ್ಯಾಕ್ ಕಂಪ್ಯೂಟರು, ವಿಂಡೋಸ್ ಕಂಪ್ಯೂಟರು ಎಲ್ಲದರಲ್ಲೂ ಸರಿಯಾಗಿ ಕಾಣುತ್ತದೆಯೇ ಎಂದು ಪರೀಕ್ಷಿಸುವುದು ಸುಗುಣಾಳ ಕೆಲಸ. ಪ್ರತಿಯೊಂದಕ್ಕೂ, ಪುಟ ಹೀಗೇ ಕಾಣಬೇಕು ಎಂದು ಅವಳು ಒಪ್ಪಿದ ಮಾದರಿ ಚಿತ್ರವೊಂದಿರುತ್ತದೆ. ಪುಟ ತಿದ್ದಿದಾಗಲೆಲ್ಲ ಯಂತ್ರ ಹೊಸ ಚಿತ್ರ ತೆಗೆದು ಮಾದರಿಯ ಜೊತೆ ಹೋಲಿಸುತ್ತದೆ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಕೆಂಪು ತೋರಿಸುತ್ತದೆ.

ಪ್ರೋಗ್ರಾಮರ್ ಅಲ್ತಾಫ್ ಬರೆದ ಪುಟ ಎಷ್ಟು ತಿದ್ದಿದರೂ ವಿಂಡೋಸಿನಲ್ಲಿ ಮಾತ್ರ ಕೆಂಪಾಗುತ್ತಿತ್ತು.

“ಮಾದರೀನೇ ತಪ್ಪಿರಬಹುದಾ, ಮೇಡಂ?” ಎಂದು ಅವನು ಮೆಲ್ಲಗೆ ಕೇಳಿದ್ದ.

“ನಾನೇ ನೋಡಿ ಓಕೆ ಮಾಡಿರೋದು,” ಎಂದಿದ್ದಳು.

ನೋಡಿರಲಿಲ್ಲ. ಮಾದರಿಗಳು ಬಂದ ದಿನ ಮನೆಗೆ ಹೊರಡುವ ಗಡಿಬಿಡಿಯಲ್ಲಿ ಎಲ್ಲ ಚಿತ್ರಗಳನ್ನೂ ಒಟ್ಟಿಗೆ ಒಪ್ಪಿಬಿಟ್ಟಿದ್ದಳು. ಅವನು ಕೇಳಿ ಹೋದ ಮೇಲೆ ತೆಗೆದು ನೋಡಿದರೆ, ವಿಂಡೋಸಿನ ಮಾದರಿಯಲ್ಲಿ ಪುಟದ ಕೊನೆಯ ಸಾಲೇ ಮೂಡಿರಲಿಲ್ಲ. ಅವನಿಗೆ ಹೇಳದೆ ಚಿತ್ರವನ್ನು ಮುಚ್ಚಿಬಿಟ್ಟಳು.

“ಕೈಲಾಗಲ್ಲ ಅಂದ್ರೆ ಹೇಳಿಬಿಡಿ,” ಎಂದು ಮ್ಯಾನೇಜರ್ ಎಲ್ಲರೆದುರು ಅಲ್ತಾಫನನ್ನು ಬೈದ ದಿನ ಅವಳಿಗೆ ಊಟ ಸೇರಲಿಲ್ಲ. ಮರುದಿನ ಬೆಳಿಗ್ಗೆ ಬ್ಯಾಗನ್ನೂ ಇಳಿಸದೆ ನೇರ ಅವನ ಹತ್ತಿರ ಹೋದಳು.

“ಅಲ್ತಾಫ್, ಆ ಮಾದರಿ ವಿಷಯ...”

“ಸರಿಹೋಯ್ತು, ಮೇಡಂ. ನೀವೇ ನೋಡಿದೀನಿ ಅಂದ್ರಲ್ಲ, ಅದಕ್ಕೇ ಧೈರ್ಯ ಬಂತು. ಈಗ ಎಲ್ಲಾ ಹಸಿರು. ನಿನ್ನೆ ಸಂಜೇನೇ ಆಸ್ಪತ್ರೆಯವರ ಸೈಟಿಗೂ ಹೋಯ್ತು.”

“ಏನು ಮಾಡಿದ್ರಿ?”

“ಮಾದರೀಲಿ ಇಲ್ಲದ ಒಂದು ಸಾಲು ನನ್ನ ಪುಟದ ಕೊನೇಲಿತ್ತು, ಆಂಬುಲೆನ್ಸ್ ನಂಬರು. ವಿಂಡೋಸಲ್ಲಿ ಅದನ್ನ ತೆಗೆದುಬಿಟ್ಟೆ.”