ಎಲ್ಲಿಂದ ಲೀಕ್ ಆಯಿತು

ಮಹಾಬಳೇಶ್ವರ ಈ ಸಲ ಹೆಂಡತಿಗೂ ಹೇಳಿರಲಿಲ್ಲ. ಬೆಳಿಗ್ಗೆ ಉಪ್ಪಿಟ್ಟು ಬಡಿಸುತ್ತ ಲಕ್ಷ್ಮಿ, "ಇವತ್ತೇನರ ವಿಶೇಷ ಐತೇನ್ರಿ? ಮಾರಿ ಬಿಗದೈತಿ," ಎಂದಳು. ಹಲ್ಲುನೋವು ಎಂದ. ಆಡಿದ ಸುಳ್ಳು ನಿಲ್ಲಬೇಕಲ್ಲ, ಉಪ್ಪಿಟ್ಟನ್ನು ಒಂದೇ ಕಡೆ ಅಗಿದು ತಿಂದ.

ಹಳಿಯಾಳ ರಸ್ತೆಯ ಬ್ಲೀಚಿಂಗ್ ಪುಡಿ ಕಾರ್ಖಾನೆಯಲ್ಲಿ ಅವನು ಸುರಕ್ಷತಾ ಅಧಿಕಾರಿ. ಕ್ಲೋರಿನ್ ಸೋರಿದರೆ ಪಕ್ಕದ ಕಾಲೊನಿಯ ಜನ ಹೇಗೆ ಪಾರಾಗಬೇಕೆಂದು ಕಲಿಸುವುದು, ಆಗಾಗ ಸೈರನ್ ಊದಿಸಿ ಅಣಕು ಕಾರ್ಯಾಚರಣೆ ನಡೆಸುವುದು ಅವನ ಕೆಲಸ. ಜನರಿಗೆ ಮುಂಚೆ ಗೊತ್ತಾಗಬಾರದು ಎಂಬುದು ನಿಯಮ. ಆದರೆ ಪ್ರತಿ ಸಲವೂ ಹೇಗೋ ಸುದ್ದಿ ಹೊರಬೀಳುತ್ತಿತ್ತು. ಹಿಂದಿನ ಸಲವಂತೂ ಸೈರನ್ ಕೂಗುವ ಮೊದಲೇ ಹೆಂಗಸರು ಇಳಕಲ್ ಸೀರೆ ಉಟ್ಟು, ಹೂ ಮುಡಿದು ಮೈದಾನದಲ್ಲಿ ಕಾಯುತ್ತಿದ್ದರು. ಪ್ರಜ್ಞೆ ತಪ್ಪಿ ಬೀಳಬೇಕಾದವನು ಫೋಟೊದವರು ಬರುವ ತನಕ ನೆರಳಲ್ಲಿ ಕೂತು ಬೀಡಿ ಸೇದುತ್ತಿದ್ದ.

ಕಾರ್ಖಾನೆಗಳ ತಪಾಸಣೆಗೆಂದು ಬಂದಿದ್ದ ಉಮಾಶ್ರೀ ಮೇಡಂ ಎಲ್ಲವನ್ನೂ ನೋಡಿ, "ನಾಟಕ ಚೆನ್ನಾಗಿತ್ತು. ಸುರಕ್ಷತೆ ಯಾವಾಗ ತೋರಿಸುತ್ತೀರಿ?" ಎಂದಿದ್ದರು. ಇನ್ನೊಮ್ಮೆ ಹೀಗಾದರೆ ಪರವಾನಗಿ ನವೀಕರಣಕ್ಕೆ ತಕರಾರು ಹಾಕುವುದಾಗಿಯೂ ಹೇಳಿಹೋಗಿದ್ದರು. ಅವತ್ತಿನಿಂದ ಮ್ಯಾನೇಜರು ಮಹಾಬಳೇಶ್ವರನ ನಮಸ್ಕಾರಕ್ಕೆ ತಿರುಗಿಯೂ ನೋಡುತ್ತಿರಲಿಲ್ಲ.

ಹಾಗಾಗಿ ಈ ಸಲ ಎಲ್ಲವೂ ಗುಟ್ಟು. ದಿನ ಗೊತ್ತಿದ್ದದ್ದು ಅವನಿಗೆ ಮತ್ತು ಮೇಡಂಗೆ ಮಾತ್ರ. ಕಾರ್ಖಾನೆಗೆ ಬಂದವನೇ ಮೊಬೈಲ್ ಆಫ್ ಮಾಡಿದ. ಸೈರನ್ ಕೋಣೆಗೆ ಬೀಗ ಹಾಕಿ ಕೀಲಿಯನ್ನು ಕಿಸೆಗೆ ಇಳಿಸಿದ. ಮೇಡಂ ಬಂದೊಡನೆ ತನ್ನ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿಕೊಂಡ.

ಚಹಾ ಕುಡಿಯುತ್ತಿರುವಾಗ ಯಾರೋ ಬಾಗಿಲು ಬಡಿದರು.

"ಆಮ್ಯಾಲೆ ಬರ್ರಿ," ಎಂದ.

ಮತ್ತೆ ಬಡಿದರು, ಈ ಸಲ ಜೋರಾಗಿ.

"ಮೀಟಿಂಗ್ ನಡದೈತಿ, ಆಮ್ಯಾಲೆ ಬರ್ರಿ ಅಂದ್ನಲ್ಲ," ಎಂದು ಗದರಿದ. ಬಡಿತ ನಿಂತಿತು. ಅವನು ಮೇಡಂ ಕಡೆ ತಿರುಗಿ, "ನಮ್ಮಲ್ಲಿ ಶಿಸ್ತು ಬಹಳ," ಎಂದ.

ಚಹಾ, ಮಾತುಕತೆ ಮುಗಿಸಿ ಅರ್ಧ ಗಂಟೆಯ ಮೇಲೆ ಇಬ್ಬರೂ ಹೋಗಿ ಸೈರನ್ ಒತ್ತಿದರು. ಊರ ನಾಯಿಗಳೆಲ್ಲ ದನಿಗೂಡಿಸಿದವು. ಮುಂದಿನ ಗೇಟು ದಾಟಿ ಮೈದಾನದ ಕಡೆ ನಡೆದರು. ಎದುರಿನಿಂದ ಗಾಳಿ ಹಿತವಾಗಿ ಬೀಸುತ್ತಿತ್ತು. ಜನ ಗಾಬರಿಯಿಂದ ಓಡಿಬರುವುದನ್ನು ನೋಡುವ ಆಸೆಯಲ್ಲಿ ಮಹಾಬಳೇಶ್ವರ ಹೆಜ್ಜೆ ಚುರುಕು ಮಾಡಿದ.

ಮೈದಾನದಲ್ಲಿ ಇಡೀ ಕಾಲೊನಿ ಆಗಲೇ ಬಂದು ಕೂತಿತ್ತು.

ಎಲ್ಲರ ಮೂಗಿಗೂ ಒದ್ದೆ ಬಟ್ಟೆ. ಸೋಮಪ್ಪನ ಒಂದು ಕೆನ್ನೆ ಬೋಳು, ಇನ್ನೊಂದರಲ್ಲಿ ಗಡ್ಡದ ನೊರೆ. ಮುದುಕಿ ಮಾಲವ್ವನನ್ನು ಕುರ್ಚಿ ಸಮೇತ ಹೊತ್ತು ತಂದಿದ್ದರು. ಅವಳ ತೊಡೆಯ ಮೇಲೆ ಆಡಿನ ಮರಿ. ಅಲ್ಲಲ್ಲಿ ಒಬ್ಬಿಬ್ಬರು ಕೆಮ್ಮುತ್ತಿದ್ದರು.

"ಈ ಸಲ ವೇಷಭೂಷಣ ಸಹಜವಾಗಿದೆ," ಎಂದರು ಮೇಡಂ. "ಕೆಮ್ಮೂ ಸುಧಾರಿಸಿದೆ. ಎಷ್ಟು ದಿನ ತಾಲೀಮು ಮಾಡಿಸಿದಿರಿ?"

ಮಹಾಬಳೇಶ್ವರ ನೇರ ದುರ್ಗವ್ವನ ಕಡೆ ನಡೆದ. ಕಾಲೊನಿಯಲ್ಲಿ ಯಾವ ಸುದ್ದಿಯೂ ಅವಳಿಗೆ ಮುಟ್ಟದೆ ಮುಂದಕ್ಕೆ ಹೋಗುತ್ತಿರಲಿಲ್ಲ. ಅವಳ ಕೈಯೆಲ್ಲ ಜೋಳದ ಹಿಟ್ಟಾಗಿತ್ತು.

"ಖರೇ ಹೇಳವ್ವ. ಸೈರನ್ ಆಗೂಕಿಂತ ಮೊದಲ ನಿನಗ ಗೊತ್ತಿತ್ತು ಹೌದಿಲ್ಲೊ?"

"ಹೌದ್ರಿ. ರೊಟ್ಟಿ ಬಡಿಯಾಕ ಕುಂತಾಗನ ವಾಸನಿ ಹತ್ತಿತ್ರಿ."

"ಯಾರು ಹೇಳಿದ್ರು?"

"ಅದನ್ನ ಯಾರರ ಹೇಳಬೇಕೇನ್ರಿ? ಓಣಿ ತುಂಬ ಹಬ್ಬಿತ್ತು."

"ಎಲ್ಲಿಂದ ಲೀಕ್ ಆತು, ಅದನ್ನ ಹೇಳು."

"ಹಿಂದಿನ ಗೇಟಿನ ಕಡಿಂದ ಅಂತರಿ. ಸಾತಪ್ಪನ್ನ ಕೇಳ್ರಿ, ಅವಂಗೆಲ್ಲ ಗೊತ್ತೈತಿ."

ಸಾತಪ್ಪ ಹಿಂದಿನ ಗೇಟಿನ ಕಾವಲುಗಾರ. ಅರ್ಧ ಕಾಲೊನಿಗೆ ಅವನು ಬೀಗ, ಉಳಿದರ್ಧಕ್ಕೆ ಮಾವ. ಮಹಾಬಳೇಶ್ವರನಿಗೆ ತನ್ನ ದಡ್ಡತನದ ಮೇಲೆಯೇ ಸಿಟ್ಟು ಬಂತು. ಇಷ್ಟು ದಿನ ಈ ಹೆಸರು ಯಾಕೆ ಹೊಳೆಯಲಿಲ್ಲ?

"ಅವನ ಮ್ಯಾಲೆ ಸಿಟ್ಟಾಗಬ್ಯಾಡ್ರಿ ಸಾಹೇಬ್ರ," ಸೋಮಪ್ಪ ನೊರೆ ಒರೆಸಿಕೊಳ್ಳುತ್ತ ಹೇಳಿದ. "ಪಾಪ, ಮನಿ ಮನಿಗೆ ಅಡ್ಡ್ಯಾಡಿ ಹೇಳ್ಯಾನ."

"ಕೇಳಿದ್ರಲ್ಲ, ಮೇಡಂ," ಎಂದ ಮಹಾಬಳೇಶ್ವರ. "ನಾ ಹೆಂಡತಿಗೂ ಹೇಳಿರಲಿಲ್ರಿ. ಮನಿಯೊಳಗಿನ ಇಲಿ ಇದು."

"ನನಗೆ ಬೇಸರವೇ ಆಗುತ್ತಿದೆ," ಎಂದರು ಮೇಡಂ. "ಗಾಳಿಗೆ ಎದುರಾಗಿ ಬಂದಿದ್ದಾರೆ, ಮೂಗು ಮುಚ್ಚಿದ್ದಾರೆ, ಮುದುಕಿಯನ್ನೂ ಬಿಟ್ಟುಬಂದಿಲ್ಲ. ನೀವು ಕಲಿಸಿದ್ದೆಲ್ಲ ಬಂದಿದೆ. ಮುಂಚೆ ಗೊತ್ತಿಲ್ಲದೆ ಹೀಗೆ ಮಾಡಿದ್ದರೆ ಜಿಲ್ಲೆಗೇ ಮಾದರಿ ಎನ್ನುತ್ತಿದ್ದೆ."

ಅಷ್ಟರಲ್ಲಿ ಸಾತಪ್ಪನೇ ಬಂದ. ಕೊರಳಲ್ಲಿ ಒದ್ದೆ ಟಾವೆಲ್ಲು, ಕಣ್ಣು ಕೆಂಪು, ಕೆನ್ನೆಯ ಮೇಲೆ ನೀರು. ಪಶ್ಚಾತ್ತಾಪ ಎಂದುಕೊಂಡ ಮಹಾಬಳೇಶ್ವರ. ಸ್ವಲ್ಪ ಕರಗಿದ, ಆದರೆ ಬಿಡಲಿಲ್ಲ.

"ಬಾ ಸಾತಪ್ಪ. ಮೇಡಂ ಮುಂದ ಹೇಳು. ಮನಿ ಮನಿಗೆ ಹೋಗಿ ಹೇಳಿದಾಂವ ನೀನ ಹೌದಿಲ್ಲೊ?"

"ಹೌದ್ರಿ. ಮೊದಲ ನಿಮಗ ಹೇಳೂಣು ಅಂತ ಬಂದಿದ್ನಿರಿ. ಫೋನ್ ಹತ್ತಲಿಲ್ಲ. ಬಾಗಲಾ ಬಡದೆ, ಬೈದ್ರಿ. ಸೈರನ್ ಖೋಲಿಗೆ ಕೀಲಿ ಬಿದ್ದಿತ್ತು. ಮತ್ತೇನ್ ಮಾಡ್ಲಿ?"

"ಬಾಯಿ ಮುಚ್ಚಿಕೊಂಡು ಇರಬೇಕಿತ್ತು. ಲೀಕ್ ಆಗದಂಗ ನೋಡ್ಕೊಳ್ಳಾಕ ಅಲ್ಲೇನು ನಿನ್ನ ಗೇಟಿಗೆ ನಿಲ್ಲಿಸಿದ್ದು?"

"ಈಗ ಬಂದ್ ಆಗೇತ್ರಿ. ಷೆಡ್ಡಿನವರು ಮಾಸ್ಕ್ ಹಾಕ್ಕೊಂಡು ಹೋಗಿ ವಾಲ್ವ್ ಬಿಗಿ ಮಾಡಿದ್ರು. ಯಾರಿಗೂ ಏನೂ ಆಗಿಲ್ಲ."

ಮಹಾಬಳೇಶ್ವರ ನಕ್ಕುಬಿಟ್ಟ. "ಕೇಳ್ರಿ ಮೇಡಂ. ಸುದ್ದಿಗೆ ಎಲ್ಲೀ ವಾಲ್ವ್?"

ಸಾತಪ್ಪ ಟಾವೆಲ್ಲಿನಿಂದ ಕಣ್ಣು ಒರೆಸಿಕೊಂಡು, ಮೆತ್ತಗೆ ಹೇಳಿದ: "ಸುದ್ದಿ ಅಲ್ರಿ ಸಾಹೇಬ್ರ, ಕ್ಲೋರಿನ್."